ಕಾಡು ಕಾಯುತ್ತಿದ್ದ ತರಗು ಬೆಂಕಿ

ಕಾಡಿಗೆ ಬೆಂಕಿ ಬಿತ್ತೆಂದರೆ ಸರ್ವನಾಶ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಕಾಡಿನ ಹಿತಕ್ಕೆಂದೇ ಬೆಂಕಿ ಹಚ್ಚುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ತರಗು ಬೆಂಕಿ’.

ತರಗು ಎಂದರೆ ಉದುರಿ ಒಣಗಿದ ಎಲೆ. ಬೇಸಿಗೆ ಬಲಿಯುವ ಮುನ್ನ, ಜನವರಿ–ಫೆಬ್ರವರಿಯ ಹೊತ್ತಿಗೆ ಅದಕ್ಕೆ ಕಿಚ್ಚಿಡುತ್ತಿದ್ದರು. ಆಗ ಕಾಡು ಪೂರ್ತಿ ಒಣಗಿರುವುದಿಲ್ಲವಾದ್ದರಿಂದ ಉರಿ ನೆಲದಲ್ಲೇ ಹರಿದು ಆರುತ್ತಿತ್ತು. ಕಾಲುದಾರಿ ತೆರವಾಗುತ್ತಿತ್ತು, ಮಳೆಗೆ ಚಿಗುರಿದ ಹುಲ್ಲು ಜಿಂಕೆ, ಕಾಟಿಗಳಿಗೆ ಮೇವಾಗುತ್ತಿತ್ತು. ನೆಲ್ಲಿಮರಗಳ ರಸ ಹೀರುವ ಬಂದಳಿಕೆಯೂ ಇದರಿಂದ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಸೋಲಿಗರು.

ಇಂಥ ಬೆಂಕಿಯನ್ನು ಅಪರಾಧವೆಂದು ಕಾಣುವ ನೋಟ ಬ್ರಿಟಿಷರ ಕಾಲದ್ದು. 1864ರಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾಯಿತು. 1878ರ ಕಾಯ್ದೆ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ಶಿಕ್ಷಾರ್ಹಗೊಳಿಸಿತು. ಸ್ವಾರಸ್ಯವೆಂದರೆ, ಬೆಂಕಿ ತಡೆದ ಬಂಗಾಳ, ಅಸ್ಸಾಂಗಳ ಸಾಲ್ ಕಾಡುಗಳಲ್ಲಿ ಹೊಸ ಸಸಿಗಳೇ ಏಳಲಿಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲಿ ಅರಣ್ಯಾಧಿಕಾರಿಗಳೇ ಅಲ್ಲಿ ನಿಯಂತ್ರಿತ ಬೆಂಕಿಯ ಮೊರೆ ಹೋದರು.

ಆ ಪಾಠ ಬಿಳಿಗಿರಿಯನ್ನು ತಲುಪಲಿಲ್ಲ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಸೋಲಿಗರ ಬೇಟೆ, ಕುಮರಿ ಬೇಸಾಯಗಳೊಂದಿಗೆ ತರಗು ಬೆಂಕಿಯೂ ನಿಂತಿತು. ಮುಂದೆ ಬೆಟ್ಟವನ್ನು ಆವರಿಸಿದ್ದು ಲಂಟಾನ. 19ನೇ ಶತಮಾನದ ಆರಂಭದಲ್ಲಿ ಅಮೆರಿಕ ಖಂಡದಿಂದ ಉದ್ಯಾನದ ಅಲಂಕಾರಕ್ಕೆಂದು ಭಾರತಕ್ಕೆ ಬಂದ ಗಿಡವಿದು. ವಿಜ್ಞಾನಿಗಳು 1997 ಮತ್ತು 2008ರಲ್ಲಿ ಬೆಟ್ಟದ ಅವೇ ಜಾಗಗಳನ್ನು ಪರಿಶೀಲಿಸಿದಾಗ, ಲಂಟಾನವಿದ್ದ ಜಾಗಗಳ ಸಂಖ್ಯೆ ಸುಮಾರು ಇಮ್ಮಡಿಯಾಗಿತ್ತು. ಎಳೆಯ ಲಂಟಾನವನ್ನು ತರಗು ಬೆಂಕಿ ಸುಟ್ಟುಹಾಕುತ್ತಿತ್ತು ಎಂಬುದು ಸೋಲಿಗರ ವಾದ. ಬೆಂಕಿ ನಿಂತದ್ದೊಂದೇ ಕಾರಣವೆಂದು ಹೇಳಲಾಗದಿದ್ದರೂ ಅವರ ಮಾತನ್ನು ಸಂಶೋಧಕರು ತಳ್ಳಿಹಾಕಿಲ್ಲ.

ಹಾಗೆಂದು ನಾಳೆಯೇ ಕಡ್ಡಿ ಗೀರುವಂತಿಲ್ಲ. ಆಳೆತ್ತರ ಬೆಳೆದ ಲಂಟಾನ ಪೊದೆ ಒಣಗಿದರೆ ನೆಲದ ಉರಿಯನ್ನು ಮರದ ನೆತ್ತಿಗೇರಿಸುತ್ತದೆ. ಬೇಸಿಗೆಯ ಕಿಚ್ಚು ಎಷ್ಟು ಭೀಕರವೆಂಬುದನ್ನು 2019ರ ಫೆಬ್ರವರಿಯಲ್ಲಿ ನೆರೆಯ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟಾಗ ನಾಡೇ ಕಂಡಿತು. ಮೊದಲು ಪೊದೆ ಕಿತ್ತು, ಆಮೇಲಷ್ಟೇ ಸಣ್ಣ ಪ್ರಮಾಣದಲ್ಲಿ ಬೆಂಕಿಯನ್ನು ಪರೀಕ್ಷಿಸಬೇಕಾಗುತ್ತದೆ.

2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕೂ ದೊರೆಯಿತು. ಆದರೆ ಬೆಂಕಿ ಹಚ್ಚುವ ಹದ ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಯಾವ ದಿನ, ಯಾವ ಗಾಳಿಗೆ, ಯಾವ ಇಳಿಜಾರಿನಲ್ಲಿ ಕಿಚ್ಚಿಡಬೇಕು ಎಂಬ ಅವರ ತಿಳಿವಳಿಕೆಯನ್ನು ಅವರಿರುವಾಗಲೇ ಕೇಳಿ ಕಲಿಯಬೇಕಿದೆ.