ಟ್ರ್ಯಾಕ್ಟರ್ ಮೂತಿ ಏಳ್ತಿದ್ಯಾ? ಟ್ರೈಲರ್, ಹುಕ್ ಆರಿಸುವ ಮುನ್ನ ಮೂಕಿ ಭಾರ ನೋಡಿ

ಮಂಡ್ಯ ಜಿಲ್ಲೆಯಲ್ಲಿ ಕಬ್ಬು, ಭತ್ತ, ಸಿಮೆಂಟ್, ಎಂ-ಸ್ಯಾಂಡ್ ಏನೇ ಇರಲಿ, ಹಳ್ಳಿ ರಸ್ತೆಗೆ ಬರೋದು ಟ್ರ್ಯಾಕ್ಟರ್ ಟ್ರೈಲರ್‌ನಲ್ಲೇ. ಟ್ರೈಲರ್ ಕೊಳ್ಳುವವರು, ಬಾಡಿಗೆಗೆ ಕರೆಸುವವರು ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಎಷ್ಟು ಟನ್ ಎಳೆಯುತ್ತೆ?" ಅದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ. ಆ ಲೋಡ್‌ನಲ್ಲಿ ಎಷ್ಟು ಭಾರ ಹುಕ್ ಮೇಲೆ ಕೂರುತ್ತೆ, ಆಮೇಲೆ ಮುಂದಿನ ಚಕ್ರದ ಮೇಲೆ ಎಷ್ಟು ಉಳಿಯುತ್ತೆ? ನಾಲೆ ಏರಿ ಹತ್ತುವಾಗ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗದಿದ್ದರೆ ಕಾರಣ ಇಲ್ಲೇ ಇರುತ್ತೆ.

ಎತ್ತಿನ ಗಾಡಿಯ ಲೆಕ್ಕವೇ ಇದು

ಗಾಡಿ ಹೂಡಿದವರಿಗೆ ಇದು ಹೊಸದಲ್ಲ. ಲೋಡ್ ಮುಂದಾದರೆ ಮೂಕಿ ಭಾರವಾಗಿ ಎತ್ತಿನ ಹೆಗಲು ಕುಸಿಯುತ್ತೆ. ಹಿಂದಾದರೆ ಮೂಕಿ ಎದ್ದು ಕುತ್ತಿಗೆ ಬಿಗಿಯುತ್ತೆ. ಟ್ರ್ಯಾಕ್ಟರ್‌ನಲ್ಲೂ ಹಾಗೇ. ಹುಕ್ ಇರೋದು ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ. ಅಲ್ಲಿ ಭಾರ ಒತ್ತಿದಷ್ಟೂ ಮುಂದಿನ ಮೂತಿ ಹಗುರಾಗುತ್ತೆ, ತಕ್ಕಡಿ ಥರ.

ಉದಾಹರಣೆಗೆ 2,000 ಕೆ.ಜಿ. ತೂಕದ ಟ್ರ್ಯಾಕ್ಟರ್ ತಗೊಳ್ಳಿ. ಖಾಲಿ ಇದ್ದಾಗ ಮುಂದಿನ ಚಕ್ರಗಳ ಮೇಲೆ 750 ಕೆ.ಜಿ. ಇದೆ ಅಂತ ಇಟ್ಟುಕೊಳ್ಳೋಣ. ಮುಂದಿನ ಹಿಂದಿನ ಅಚ್ಚುಗಳ ನಡುವೆ 190 ಸೆಂ.ಮೀ., ಹಿಂದಿನ ಅಚ್ಚಿನಿಂದ ಹುಕ್‌ಗೆ 60 ಸೆಂ.ಮೀ. ಹುಕ್ ಮೇಲೆ 1,000 ಕೆ.ಜಿ. ಕೂತರೆ ಮುಂದೆ ಸುಮಾರು 315 ಕೆ.ಜಿ. ಕಡಿಮೆಯಾಗಿ 435 ಉಳಿಯುತ್ತೆ. ಅದೇ 1,200 ಕೂತರೆ ಉಳಿಯೋದು 370.

ಸ್ಟೇರಿಂಗ್ ಹಿಡಿತಕ್ಕೆ ಟ್ರ್ಯಾಕ್ಟರ್ ತೂಕದ ಶೇ. 20ರಷ್ಟಾದರೂ ಮುಂದಿನ ಚಕ್ರಗಳ ಮೇಲೆ ಇರಬೇಕು ಅನ್ನೋದು ಸಾಮಾನ್ಯ ನಿಯಮ. ಈ ಲೆಕ್ಕದಲ್ಲಿ ಅದು 400 ಕೆ.ಜಿ. ಇದು ಸಮತಟ್ಟು ನೆಲದಲ್ಲಿ ನಿಂತಾಗಿನ ಮಾತು. ಏರಿನಲ್ಲಿ ಎಳೆಯುವಾಗ ಮುಂದೆ ಇನ್ನಷ್ಟು ಹಗುರಾಗುತ್ತೆ.

ಎರಡು ಚಕ್ರವೋ, ನಾಲ್ಕು ಚಕ್ರವೋ?

ಎರಡು ಚಕ್ರದ ಟ್ರೈಲರ್ ತನ್ನ ಭಾರದಲ್ಲಿ ಒಂದು ಪಾಲನ್ನು ಹುಕ್ ಮೇಲೆ ಹಾಕುತ್ತೆ. ಇದರಿಂದ ಹಿಂದಿನ ದೊಡ್ಡ ಚಕ್ರಕ್ಕೆ ಹಿಡಿತ ಸಿಗುತ್ತೆ. ಹಾಗಾಗಿ ಕೆಸರು ಗದ್ದೆಯಿಂದ ಲೋಡ್ ಹೊರಗೆ ತರೋದಕ್ಕೆ ಒಳ್ಳೇದು, ರಿವರ್ಸ್ ಕೂಡ ಸುಲಭ. ಆದರೆ ಮೂತಿ ಏಳುವ ಸಮಸ್ಯೆ ಇದರದ್ದೇ.

ನಾಲ್ಕು ಚಕ್ರದ್ದು ತನ್ನ ಭಾರ ತಾನೇ ಹೊರುತ್ತೆ. ಹುಕ್ ಮೇಲೆ ಕೂರೋದು ಹೆಚ್ಚು ಕಡಿಮೆ ಮೂಕಿಯ ತೂಕ ಮಾತ್ರ. ದೂರದ ರಸ್ತೆ ಓಡಾಟಕ್ಕೆ ಇದು ವಾಸಿ. ಆದರೆ ಇಳಿಜಾರಿನಲ್ಲಿ ಹಿಂದಿನಿಂದ ಟ್ರ್ಯಾಕ್ಟರನ್ನೇ ತಳ್ಳುತ್ತೆ. ಅದಕ್ಕೇ ಬ್ರೇಕ್ ಇರುವ ಟ್ರೈಲರ್ ಕೇಳಿ ತಗೊಳ್ಳಿ.

ಲೋಡ್ ಹಾಕೋದ್ರಲ್ಲೇ ಅರ್ಧ ಕೆಲಸ

ಹುಕ್ಕಿಗೂ ಟ್ರೈಲರ್ ಅಚ್ಚಿಗೂ 3 ಮೀಟರ್ ಇದ್ದರೆ, 50 ಕೆ.ಜಿ.ಯ 10 ಸಿಮೆಂಟ್ ಮೂಟೆಯನ್ನು 1 ಮೀಟರ್ ಹಿಂದಕ್ಕೆ ಸರಿಸಿದರೆ ಸಾಕು, ಹುಕ್ ಮೇಲಿನ ಭಾರ ಸುಮಾರು 165 ಕೆ.ಜಿ. ಇಳಿಯುತ್ತೆ. ಖರ್ಚಿಲ್ಲದ ಪರಿಹಾರ.

ಹಾಗಂತ ಪೂರ್ತಿ ಹಿಂದಕ್ಕೆ ಹಾಕಬೇಡಿ. ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲಕ್ಕೆ ಎತ್ತುತ್ತೆ, ಟ್ರ್ಯಾಕ್ಟರ್‌ನ ಹಿಂದಿನ ಚಕ್ರ ಹಿಡಿತ ಬಿಡುತ್ತೆ, ಟ್ರೈಲರ್ ಓಲಾಡುತ್ತೆ. ಭಾರವಾದ ಮೂಟೆ ಕೆಳಗೆ, ಅಚ್ಚಿನ ಮೇಲೆ ಮತ್ತು ಸ್ವಲ್ಪ ಮುಂದೆ ಬರಲಿ.

ಸಿಮೆಂಟ್, ಗೊಬ್ಬರದ ಅಂಗಡಿಯವರು ಗಮನಿಸಿ: ನಾಲ್ಕು ಕಡೆ ಮಾಲು ಇಳಿಸುವಾಗ ಮುಂದಿನ ಮೂಟೆಗಳನ್ನೇ ಮೊದಲು ಖಾಲಿ ಮಾಡಿದರೆ ಉಳಿದದ್ದು ಹಿಂಭಾರವಾಗುತ್ತೆ. ಆ ಹೊತ್ತಲ್ಲಿ ಪಿನ್ ತೆಗೆದರೆ ಮೂಕಿ ಎದ್ದು ಹೊಡೆಯುತ್ತೆ. ಅರ್ಧ ಲೋಡ್ ಇರುವಾಗ ಟ್ರೈಲರ್ ಬಿಚ್ಚಲೇಬೇಡಿ.

ಹುಕ್, ಪಿನ್ ಆರಿಸುವಾಗ

- ಕಂಪನಿ ಕೊಟ್ಟ ಹುಕ್ ಅಥವಾ ಡ್ರಾಬಾರ್‌ಗೆ ಮಾತ್ರ ಕಟ್ಟಿ. ಟಾಪ್ ಲಿಂಕ್‌ಗೆ ಅಥವಾ ಅಚ್ಚಿಗಿಂತ ಎತ್ತರದ ಜಾಗಕ್ಕೆ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತೆ. ಅದಕ್ಕೆ ಒಂದೆರಡು ಸೆಕೆಂಡ್ ಸಾಕು, ಕ್ಲಚ್ ಒತ್ತೋಕೂ ಟೈಮ್ ಸಿಗಲ್ಲ.
- ಹುಕ್ ಅಚ್ಚಿಗೆ ಹತ್ತಿರ ಇದ್ದಷ್ಟೂ ಮೂತಿ ಕಡಿಮೆ ಏಳುತ್ತೆ. ವೆಲ್ಡಿಂಗ್ ಮಾಡಿಸಿ ಹುಕ್ ಹಿಂದಕ್ಕೆ ಉದ್ದ ಮಾಡಿಸಬೇಡಿ.
- ಪಿನ್ ತೂತಿಗೆ ಸರಿಯಾಗಿ ಕೂರಬೇಕು, ಕೆಳಗೆ ಕ್ಲಿಪ್ ಇರಲೇಬೇಕು. ಕಂಬಿ ತುಂಡು, ಹಳೇ ಬೋಲ್ಟ್ ಬೇಡ.
- ಮೂಕಿಯ ರಿಂಗ್ ಸವೆದಿದ್ದರೆ ಬದಲಿಸಿ. ಜೊತೆಗೆ ಒಂದು ಸೇಫ್ಟಿ ಚೈನ್ ಹಾಕಿ.
- ಮೂತಿ ಹಗುರ ಅನಿಸಿದರೆ ಮುಂದಿನ ಬಂಪರ್‌ಗೆ ಕಂಪನಿಯ ಕಬ್ಬಿಣದ ವೇಯ್ಟ್ ಹಾಕಿಸಿ. ಅಲ್ಲಿ ಆಳು ಕೂರಿಸಿಕೊಂಡು ಹೋಗೋದು ಪ್ರಾಣಕ್ಕೇ ಕುತ್ತು.

ವಿಡಿಯೋದಲ್ಲಿ ತೋರಿಸೋ ಸ್ಪ್ರಿಂಗ್ ಹುಕ್ ನಮಗೆ ಬೇಕಾ?

ಅಮೆರಿಕದಲ್ಲಿ ಪಿಕಪ್‌ಗೆ ಟ್ರೈಲರ್ ಕಟ್ಟುವವರು ವೇಯ್ಟ್ ಡಿಸ್ಟ್ರಿಬ್ಯೂಶನ್ ಹಿಚ್ ಅಂತ ಬಳಸ್ತಾರೆ. ಎರಡು ಬದಿಯ ಸ್ಪ್ರಿಂಗ್ ಸರಳುಗಳು ಹುಕ್ ಮೇಲಿನ ಭಾರದಲ್ಲಿ ಒಂದಿಷ್ಟನ್ನು ಪಿಕಪ್‌ನ ಮುಂದಿನ ಚಕ್ರಕ್ಕೂ ಟ್ರೈಲರ್‌ನ ಅಚ್ಚಿಗೂ ಹಂಚುತ್ತವೆ. ಅಲ್ಲಿ ಟ್ರೈಲರ್ ತೂಕದ ಶೇ. 10ರಿಂದ 15 ಹುಕ್ ಮೇಲೆ ಇರಲಿ ಅಂತಾರೆ. ಆದರೆ ಅದು ಇದ್ದ ಭಾರ ಹಂಚುತ್ತೆ ಅಷ್ಟೇ, ಎಳೆಯುವ ಮಿತಿ ಹೆಚ್ಚಿಸಲ್ಲ. ನಮ್ಮ ಟ್ರ್ಯಾಕ್ಟರ್‌ನ ಪಿನ್ ಹುಕ್‌ಗೆ ಅದು ಹೊಂದೋದೂ ಇಲ್ಲ. ನಮ್ಮಲ್ಲಿ ಆ ಕೆಲಸ ಆಗೋದು ಲೋಡ್ ಹಾಕುವ ರೀತಿಯಿಂದ, ಮುಂದಿನ ವೇಯ್ಟ್‌ನಿಂದ.

ವೇ ಬ್ರಿಡ್ಜ್‌ನಲ್ಲಿ ನೀವೇ ನೋಡಿ

1. ಟ್ರೈಲರ್ ಇಲ್ಲದೆ ಪೂರ್ತಿ ಟ್ರ್ಯಾಕ್ಟರ್ ತೂಕ ಮಾಡಿಸಿ.
2. ಲೋಡ್ ಟ್ರೈಲರ್ ಕಟ್ಟಿ, ಟ್ರ್ಯಾಕ್ಟರ್‌ನ ನಾಲ್ಕು ಚಕ್ರ ಮಾತ್ರ ಪ್ಲಾಟ್‌ಫಾರಂ ಮೇಲೆ ನಿಲ್ಲಿಸಿ. ಮೊದಲ ತೂಕ ಕಳೆದರೆ ಸಿಗೋದೇ ಮೂಕಿ ಭಾರ.
3. ಆಮೇಲೆ ಹಿಂದಕ್ಕೆ ಸರಿದು ಹಿಂದಿನ ಚಕ್ರಗಳನ್ನು ಇಳಿಸಿ, ಟ್ರ್ಯಾಕ್ಟರ್‌ನ ಮುಂದಿನ ಎರಡೇ ಚಕ್ರ ಪ್ಲಾಟ್‌ಫಾರಂ ಮೇಲೆ ಇರಲಿ. ಆಗ ಸಿಗೋ ತೂಕವೇ ಮುಂದಿನ ಚಕ್ರದ ಭಾರ. ಅದು ಮೊದಲ ತೂಕದ ಐದನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ಲೋಡ್ ಇಳಿಸಿ ಅಥವಾ ಸರಿಸಿ.

ಹುಕ್ ಮೇಲಿನ ಮಿತಿ ಟ್ರ್ಯಾಕ್ಟರ್ ಮ್ಯಾನ್ಯುಯಲ್‌ನಲ್ಲಿ ಇದ್ದರೆ ಅದೇ ಕೊನೇ ಮಾತು.

ರಸ್ತೆಗೆ ಇಳಿಯುವ ಮುನ್ನ

ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಮಾಡಿ. ಒಂದೇ ಕಡೆ ಬ್ರೇಕ್ ಹಿಡಿದರೆ ಲೋಡ್ ಟ್ರ್ಯಾಕ್ಟರ್ ಪಕ್ಕಕ್ಕೆ ಎಳೆದು ಉರುಳಬಹುದು. ಇಳಿಜಾರಿನಲ್ಲಿ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡಬೇಡಿ, ಹತ್ತುವಾಗಿನ ಗೇರ್‌ನಲ್ಲೇ ಇಳಿಸಿ. ಟ್ರೈಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಕಾಣುವಂತಿರಲಿ. ಕಬ್ಬಿನ ಸೋಗೆ ಅದನ್ನು ಮುಚ್ಚದಂತೆ ನೋಡಿಕೊಳ್ಳಿ.

ಟ್ರೈಲರ್‌ಗೂ ಬೇರೆ ನೋಂದಣಿ ಬೇಕು. ಅದರ ಆರ್‌ಸಿಯಲ್ಲಿರುವ ಒಟ್ಟು ತೂಕದಲ್ಲಿ ಟ್ರೈಲರ್‌ನ ಸ್ವಂತ ತೂಕವೂ ಸೇರಿರುತ್ತೆ. ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್‌ನಲ್ಲಿ, 2019ರ ತಿದ್ದುಪಡಿ ನಂತರ, 20,000 ರೂ. ದಂಡ ಇದೆ. ಮೇಲಿನ ಪ್ರತಿ ಟನ್‌ಗೆ 2,000 ರೂ. ಬೇರೆ.

ಬಾಡಿಗೆ ಉಳಿಸೋಕೆ "ಒಂದೇ ಟ್ರಿಪ್‌ನಲ್ಲಿ ಮುಗಿಸಪ್ಪ" ಅಂತ ಹೇಳುವ ಅಂಗಡಿ ಮಾಲೀಕರೂ ಇದನ್ನು ಓದಬೇಕು. ಎರಡನೇ ಟ್ರಿಪ್‌ನ ಬಾಡಿಗೆ ಈ ದಂಡಕ್ಕಿಂತ ಕಡಿಮೆ. ಡ್ರೈವರ್ ಜೀವಕ್ಕಂತೂ ಬೆಲೆ ಕಟ್ಟೋಕಾಗಲ್ಲ.