ಗಿಂಬಲ್ ಟಿಲ್ಟ್ ನಿಯಂತ್ರಣ (ಡ್ರೋನ್)

ಗಿಂಬಲ್ ಟಿಲ್ಟ್ ನಿಯಂತ್ರಣ ಎಂಬುದು ಹಾರುತ್ತಿರುವ ಡ್ರೋನ್‌ನ ಕ್ಯಾಮೆರಾವನ್ನು ನೆಲದ ಮೇಲೆ ನಿಂತ ಚಾಲಕನು ಮೇಲಕ್ಕೂ ಕೆಳಕ್ಕೂ ಹೊರಳಿಸಲು ಬಳಸುವ ವ್ಯವಸ್ಥೆಯಾಗಿದೆ. ಕ್ಯಾಮೆರಾವನ್ನು ಹೊತ್ತು, ಡ್ರೋನ್ ಓಲಾಡಿದರೂ ಅದನ್ನು ಸ್ಥಿರವಾಗಿ ಹಿಡಿಯುವ ಚೌಕಟ್ಟಿಗೆ ಗಿಂಬಲ್ ಎಂದು ಹೆಸರು. ಹವ್ಯಾಸಿಗಳು ತಾವೇ ಜೋಡಿಸಿಕೊಳ್ಳುವ ಡ್ರೋನ್‌ಗಳಲ್ಲಿ ಈ ವ್ಯವಸ್ಥೆಯು ಆಗಾಗ ಕೈಕೊಡುತ್ತದೆ. ಕ್ಯಾಮೆರಾ ಅಲುಗದಿದ್ದರೆ ಮೋಟಾರು ಸುಟ್ಟಿದೆ ಎಂದು ಭಾವಿಸಿ ಬಿಡಿಭಾಗವನ್ನು ಬದಲಿಸುವುದು ಸಾಮಾನ್ಯ. ಆದರೆ ರಿಮೋಟಿನಿಂದ ಮೋಟಾರಿನವರೆಗೆ ಆದೇಶವು ಹಲವು ಕೊಂಡಿಗಳ ಮೂಲಕ ಸಾಗುತ್ತದೆ. ದೋಷವು ಅವುಗಳಲ್ಲಿ ಯಾವುದರಲ್ಲಿಯೂ ಇರಬಹುದು. ಆದುದರಿಂದ ಪ್ರತಿಯೊಂದು ಕೊಂಡಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದೇ ದೋಷ ಪತ್ತೆಯ ಸರಿಯಾದ ಕ್ರಮ.

ಹಿನ್ನೆಲೆ

ಒಂದರೊಳಗೊಂದು ತಿರುಗುವ ಬಳೆಗಳ ನಡುವೆ ವಸ್ತುವನ್ನು ತೂಗುಹಾಕಿ, ಹೊರಗಿನ ಚೌಕಟ್ಟು ಹೇಗೆ ತಿರುಗಿದರೂ ಅದು ನೆಟ್ಟಗಿರುವಂತೆ ಮಾಡುವ ಉಪಾಯವು ಬಹಳ ಪ್ರಾಚೀನವಾದುದು. ಕ್ರಿ.ಪೂ. 3ನೆಯ ಶತಮಾನದ ಗ್ರೀಕ್ ಲೇಖಕ ಬೈಜಾಂಟಿಯಂನ ಫಿಲೋನ ಹೆಸರಿನಲ್ಲಿ ಉಳಿದಿರುವ ಗ್ರಂಥದಲ್ಲಿ ಎಂಟು ಮುಖಗಳ ಮಸಿಕುಡಿಕೆಯೊಂದರ ವರ್ಣನೆಯಿದೆ. ಅದನ್ನು ಯಾವ ಮಗ್ಗುಲಿಗೆ ಹೊರಳಿಸಿದರೂ ಒಳಗಿನ ಮಸಿ ಚೆಲ್ಲುತ್ತಿರಲಿಲ್ಲ. ಇಟಲಿಯ ಗಣಿತಜ್ಞ ಜೆರೊಲಾಮೊ ಕಾರ್ಡಾನೊ (1501–1576) ಈ ರಚನೆಯನ್ನು ವಿವರಿಸಿದ್ದರಿಂದ ಇದಕ್ಕೆ ಕಾರ್ಡಾನ್ ತೂಗು ಎಂಬ ಹೆಸರೂ ಬಂದಿತು. ಹಡಗುಗಳ ದಿಕ್ಸೂಚಿಯನ್ನು ಅಲೆಗಳ ಏರಿಳಿತದಲ್ಲಿಯೂ ಸಮತಟ್ಟಾಗಿಡಲು ಇದೇ ತತ್ವವನ್ನು ಬಳಸಲಾಯಿತು.

ಹವ್ಯಾಸಿ ಡ್ರೋನ್‌ಗಳಲ್ಲಿ ಮೊದಲು ಸರ್ವೋ ಮೋಟಾರುಗಳಿಂದ ನಡೆಯುವ ಸರಳ ಚೌಕಟ್ಟುಗಳಿದ್ದವು. ಹಲ್ಲುಗಾಲಿಗಳ ಮೂಲಕ ತಿರುಗುವ ಸರ್ವೋಗಳ ಚಲನೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದ್ದುದರಿಂದ ಚಲನಚಿತ್ರಣಕ್ಕೆ ಅವು ಅಷ್ಟಾಗಿ ಒಗ್ಗಲಿಲ್ಲ. ಸುಮಾರು 2012–13ರಿಂದ ಹಲ್ಲುಗಾಲಿಯಿಲ್ಲದೆ ನೇರವಾಗಿ ತಿರುಗಿಸುವ ಬ್ರಷ್‌ಲೆಸ್ ಮೋಟಾರುಗಳ ಗಿಂಬಲ್‌ಗಳು ಬಳಕೆಗೆ ಬಂದವು. 2014ರಲ್ಲಿ ಬಿಡುಗಡೆಯಾದ ಡಿಜೆಐ ಫ್ಯಾಂಟಮ್ 2 ವಿಷನ್ ಪ್ಲಸ್ ಮೂರು ಅಕ್ಷಗಳ ಗಿಂಬಲ್ಲನ್ನು ಡ್ರೋನ್‌ನ ಅಂಗವಾಗಿಯೇ ಹೊಂದಿತ್ತು.

ರಚನೆ

ಗಿಂಬಲ್‌ನ ಚಲನೆಯನ್ನು ಮೂರು ಅಕ್ಷಗಳಲ್ಲಿ ಗುರುತಿಸಲಾಗುತ್ತದೆ. ಕ್ಯಾಮೆರಾ ತಲೆ ಎತ್ತಿ ತಗ್ಗಿಸುವಂತೆ ಚಲಿಸುವುದು ಪಿಚ್ ಅಥವಾ ಟಿಲ್ಟ್; ಎಡಬಲಕ್ಕೆ ವಾಲುವುದು ರೋಲ್; ಕತ್ತು ಹೊರಳಿಸಿದಂತೆ ಸುತ್ತುವುದು ಯಾ ಅಥವಾ ಪ್ಯಾನ್. ರೋಲ್ ಅಕ್ಷದ ಕೆಲಸ ದಿಗಂತವನ್ನು ಸಮವಾಗಿಡುವುದು. ಅದಕ್ಕೆ ಚಾಲಕನ ಆದೇಶ ಸಾಮಾನ್ಯವಾಗಿ ಬೇಕಿಲ್ಲ. ಚಾಲಕನು ಹೆಚ್ಚಾಗಿ ಬಳಸುವುದು ಟಿಲ್ಟ್ ಅಕ್ಷವನ್ನೇ. ಕ್ಯಾಮೆರಾ ದಿಗಂತವನ್ನು ನೋಡುತ್ತಿರುವಾಗ ಅದರ ಕೋನ 0 ಡಿಗ್ರಿ, ನೇರವಾಗಿ ನೆಲವನ್ನು ನೋಡುವಾಗ −90 ಡಿಗ್ರಿ.

ಬ್ರಷ್‌ಲೆಸ್ ಗಿಂಬಲ್‌ನಲ್ಲಿ ಮೂರು ಮುಖ್ಯ ಭಾಗಗಳಿವೆ: ಕ್ಯಾಮೆರಾದ ಜೊತೆಯಲ್ಲೇ ಚಲಿಸುವ ಸಂವೇದಕ, ಗಿಂಬಲ್ ನಿಯಂತ್ರಕ ಫಲಕ ಮತ್ತು ಪ್ರತಿ ಅಕ್ಷಕ್ಕೊಂದು ಮೋಟಾರು. ಸಂವೇದಕದೊಳಗಿನ ಗೈರೊಸ್ಕೋಪ್ ತಿರುಗುವ ವೇಗವನ್ನು ಅಳೆದರೆ, ವೇಗೋತ್ಕರ್ಷಮಾಪಕವು ಗುರುತ್ವದ ದಿಕ್ಕನ್ನು ತೋರಿಸುತ್ತದೆ. ಇವೆರಡರಿಂದ ಕ್ಯಾಮೆರಾದ ಈಗಿನ ಕೋನವನ್ನು ಲೆಕ್ಕಹಾಕಿ, ಬೇಕಾದ ಕೋನಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ನಿಯಂತ್ರಕವು ಮೋಟಾರಿನಿಂದ ಸರಿಪಡಿಸುತ್ತದೆ.

ಆದೇಶ ಸಾಗುವ ಹಾದಿ

ಚಾಲಕನು ರಿಮೋಟಿನ ತಿರುಗುಗುಂಡಿ ಅಥವಾ ಸನ್ನೆಯನ್ನು ಸರಿಸಿದಾಗ ಆ ಸ್ಥಾನವು ಒಂದು ಚಾನೆಲ್‌ನ ಮೌಲ್ಯವಾಗಿ ಪ್ರಸಾರವಾಗುತ್ತದೆ. ಡ್ರೋನ್‌ನಲ್ಲಿರುವ ರಿಸೀವರ್ ಅದನ್ನು ಗ್ರಹಿಸಿ ಹಾರಾಟ ನಿಯಂತ್ರಕಕ್ಕೆ ಕೊಡುತ್ತದೆ. ಹಾರಾಟ ನಿಯಂತ್ರಕವು ತನ್ನ ಒಂದು ಹೊರದಾರಿಯ ಮೂಲಕ ಅದನ್ನು ಗಿಂಬಲ್ ನಿಯಂತ್ರಕಕ್ಕೆ ದಾಟಿಸುತ್ತದೆ. ಅಲ್ಲಿಂದ ಮೋಟಾರಿಗೆ ವಿದ್ಯುತ್ ಹರಿಯುತ್ತದೆ. ಕೆಲವು ಡ್ರೋನ್‌ಗಳಲ್ಲಿ ಹಾರಾಟ ನಿಯಂತ್ರಕವನ್ನು ಬಿಟ್ಟು ರಿಸೀವರ್‌ನಿಂದಲೇ ಗಿಂಬಲ್‌ಗೆ ತಂತಿ ಎಳೆದಿರುವುದೂ ಉಂಟು.

ಈ ಹಾದಿಯಲ್ಲಿ ಹೆಚ್ಚಾಗಿ ಬಳಕೆಯಾಗುವುದು ಪಲ್ಸ್‌ಗಳ ಅಗಲದಲ್ಲಿ ಮಾಹಿತಿಯನ್ನು ಅಡಗಿಸುವ ಪಿಡಬ್ಲ್ಯುಎಂ ಕ್ರಮ. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಒಂದು ಪಲ್ಸ್ ಬರುತ್ತದೆ. ಅದರ ಅಗಲ 1000 ಮೈಕ್ರೋಸೆಕೆಂಡ್ ಇದ್ದರೆ ಒಂದು ಕೊನೆ, 2000 ಇದ್ದರೆ ಇನ್ನೊಂದು ಕೊನೆ, 1500 ಇದ್ದರೆ ನಡುಸ್ಥಾನ. ಎಸ್‌ಬಸ್ ಎಂಬ ಕ್ರಮದಲ್ಲಿ ಒಂದೇ ತಂತಿಯ ಮೇಲೆ 16 ಚಾನೆಲ್‌ಗಳ ಮೌಲ್ಯಗಳು ಅಂಕಿಗಳ ರೂಪದಲ್ಲಿ ಸಾಗುತ್ತವೆ. ಒಂದು ಕ್ರಮದ ಸಂಕೇತವನ್ನು ಇನ್ನೊಂದು ಕ್ರಮಕ್ಕೆ ಹೊಂದಿಸಿದ ಒಳದಾರಿಗೆ ಜೋಡಿಸಿದರೆ, ಎಲ್ಲ ಭಾಗಗಳೂ ಸುಸ್ಥಿತಿಯಲ್ಲಿದ್ದರೂ ಕ್ಯಾಮೆರಾ ಆದೇಶವನ್ನು ಪಾಲಿಸುವುದಿಲ್ಲ.

ದೋಷ ಪತ್ತೆಯ ಕ್ರಮ

ಪರೀಕ್ಷೆಗೆ ಮೊದಲು ಡ್ರೋನ್‌ನ ಎಲ್ಲ ಪ್ರೊಪೆಲ್ಲರ್‌ಗಳನ್ನು ಬಿಚ್ಚಿಡುವುದು ಅನಿವಾರ್ಯ. ಚಾನೆಲ್‌ಗಳ ಹೊಂದಿಕೆಯನ್ನು ಬದಲಿಸುವಾಗ ಸಂಖ್ಯೆಯೊಂದು ತಪ್ಪಿದರೂ ಹಾರಾಟದ ಮೋಟಾರುಗಳು ಏಕಾಏಕಿ ತಿರುಗಬಹುದು. ಮೇಜಿನ ಮೇಲಿನ ಡ್ರೋನ್‌ನಿಂದ ಬೆರಳುಗಳಿಗೆ ಗಾಯವಾಗುವುದು ಇಂಥ ಸಂದರ್ಭಗಳಲ್ಲಿಯೇ. ವಿದ್ಯುತ್ ಹರಿಯುತ್ತಿರುವಾಗ ಗಿಂಬಲ್ ಮೋಟಾರಿನ ತಂತಿಗಳನ್ನು ಕೀಳುವುದಾಗಲಿ ಸೇರಿಸುವುದಾಗಲಿ ಸಲ್ಲದು. ಅದರಿಂದ ನಿಯಂತ್ರಕ ಫಲಕವು ಹಾಳಾಗಬಹುದು.

ಅನಂತರದ ಪರೀಕ್ಷೆಗಳು ಈ ಅನುಕ್ರಮದಲ್ಲಿ ನಡೆಯುತ್ತವೆ:

1. ವಿದ್ಯುತ್ ಇಲ್ಲದಿರುವಾಗ ಕ್ಯಾಮೆರಾವನ್ನು ಬೆರಳಿನಿಂದ ನಿಧಾನವಾಗಿ ಹೊರಳಿಸಿ ನೋಡಲಾಗುತ್ತದೆ. ಅದು ಎಲ್ಲಿಯೂ ತಡೆಯಿಲ್ಲದೆ ಚಲಿಸಬೇಕು ಮತ್ತು ಬಿಟ್ಟ ಸ್ಥಾನದಲ್ಲಿಯೇ ನಿಲ್ಲಬೇಕು. ಮುಂದಕ್ಕೋ ಹಿಂದಕ್ಕೋ ತಾನಾಗಿ ಬಿದ್ದರೆ ತೂಕದ ಹೊಂದಿಕೆ ತಪ್ಪಿದೆ ಎಂದರ್ಥ.

2. ವಿದ್ಯುತ್ ಕೊಟ್ಟು ಅದೇ ಪರೀಕ್ಷೆಯನ್ನು ಪುನಃ ಮಾಡಲಾಗುತ್ತದೆ. ಈಗ ಕ್ಯಾಮೆರಾ ಬೆರಳಿನ ಒತ್ತಡವನ್ನು ಪ್ರತಿರೋಧಿಸಿದರೆ ಮೋಟಾರು, ಸಂವೇದಕ ಮತ್ತು ಗಿಂಬಲ್ ನಿಯಂತ್ರಕ ಮೂರೂ ಕೆಲಸ ಮಾಡುತ್ತಿವೆ. ದೋಷವು ಆದೇಶ ಬರುವ ಹಾದಿಯಲ್ಲಿದೆ. ಪ್ರತಿರೋಧವಿಲ್ಲದೆ ಸಡಿಲವಾಗಿದ್ದರೆ ದೋಷವು ಗಿಂಬಲ್‌ನಲ್ಲಿಯೇ ಇದೆ. ಹುಡುಕಬೇಕಾದ ಕ್ಷೇತ್ರವನ್ನು ಅರ್ಧಕ್ಕೆ ಇಳಿಸುವ ಈ ಪರೀಕ್ಷೆಗೆ ಯಾವ ಉಪಕರಣವೂ ಬೇಕಿಲ್ಲ.

3. ಹಾರಾಟ ನಿಯಂತ್ರಕವನ್ನು ಕಂಪ್ಯೂಟರಿಗೆ ಜೋಡಿಸಿ, ರಿಮೋಟಿನ ಗುಂಡಿಯನ್ನು ತಿರುಗಿಸಿದಾಗ ಸಂಬಂಧಿಸಿದ ಚಾನೆಲ್‌ನ ಮೌಲ್ಯ ಬದಲಾಗುತ್ತದೆಯೇ ಎಂದು ನೋಡಲಾಗುತ್ತದೆ. ಮಿಷನ್ ಪ್ಲಾನರ್‌ನಂತಹ ತಂತ್ರಾಂಶದಲ್ಲಿ ಪ್ರತಿ ಚಾನೆಲ್‌ಗೂ ಏರಿಳಿಯುವ ಪಟ್ಟಿಯೊಂದು ಕಾಣುತ್ತದೆ. ಪಟ್ಟಿ ಅಲುಗದಿದ್ದರೆ ರಿಮೋಟಿನಲ್ಲಿ ಆ ಗುಂಡಿಗೆ ಚಾನೆಲ್ ಹಂಚಿಕೆಯಾಗಿದೆಯೇ ಎಂಬುದನ್ನು ಮೊದಲು ಪರಿಶೀಲಿಸಬೇಕು.

4. ಪಟ್ಟಿ ಸರಿಯಾಗಿ ಚಲಿಸಿದರೆ ಅದೇ ತಂತ್ರಾಂಶದಲ್ಲಿ ಹೊರದಾರಿಯ ಮೌಲ್ಯವನ್ನು ನೋಡಲಾಗುತ್ತದೆ. ಒಳಬರುವ ಮೌಲ್ಯ ಬದಲಾಗುತ್ತಿದ್ದು ಹೊರಹೋಗುವುದು ನಿಂತಲ್ಲೇ ನಿಂತಿದ್ದರೆ ಹಾರಾಟ ನಿಯಂತ್ರಕದ ಹೊಂದಿಕೆಯಲ್ಲಿ ತಪ್ಪಿದೆ.

5. ಕೊನೆಯದಾಗಿ, ಹಾರಾಟ ನಿಯಂತ್ರಕದಿಂದ ಬರುವ ತಂತಿಯನ್ನು ಗಿಂಬಲ್‌ನಿಂದ ಬಿಡಿಸಿ, ಆ ಜಾಗಕ್ಕೆ ಸರ್ವೋ ಟೆಸ್ಟರ್ ಎಂಬ ಪುಟ್ಟ ಉಪಕರಣವನ್ನು ಜೋಡಿಸಲಾಗುತ್ತದೆ. ಇದು ತಾನೇ ಪಲ್ಸ್‌ಗಳನ್ನು ಉತ್ಪಾದಿಸುತ್ತದೆ. ಇದರ ಗುಂಡಿಗೆ ಕ್ಯಾಮೆರಾ ಸ್ಪಂದಿಸಿದರೆ ಗಿಂಬಲ್ ನಿರ್ದೋಷಿ.

ಸಾಮಾನ್ಯ ದೋಷಗಳು ಮತ್ತು ಕಾರಣಗಳು

ಕ್ಯಾಮೆರಾ ಸ್ಥಿರವಾಗಿದೆ, ಆದರೆ ಆದೇಶಕ್ಕೆ ಸ್ಪಂದಿಸುವುದಿಲ್ಲ

ಮುಕ್ತ ತಂತ್ರಾಂಶವಾದ ಆರ್ಡುಪೈಲಟ್ ಬಳಸುವ ಡ್ರೋನ್‌ಗಳಲ್ಲಿ ಯಾವ ಚಾನೆಲ್ ಟಿಲ್ಟ್ ಆದೇಶವನ್ನು ತರುತ್ತದೆ, ಯಾವ ಹೊರದಾರಿ ಅದನ್ನು ಗಿಂಬಲ್‌ಗೆ ಒಯ್ಯುತ್ತದೆ ಎಂಬ ಎರಡನ್ನೂ ಪ್ರತ್ಯೇಕವಾಗಿ ಸೂಚಿಸಬೇಕು. ಹೊರದಾರಿಗೆ ಕಾರ್ಯಸಂಖ್ಯೆ 7 ಕೊಟ್ಟರೆ ಅದು ಮೊದಲ ಗಿಂಬಲ್‌ನ ಪಿಚ್ ಅಕ್ಷಕ್ಕೆ ಮೀಸಲಾಗುತ್ತದೆ. ಇತ್ತೀಚಿನ ಆವೃತ್ತಿಗಳಲ್ಲಿ ಚಾನೆಲ್‌ನ ಆಯ್ಕೆಸಂಖ್ಯೆ 213 ಆಗಿರಬೇಕು. ಒಂದನ್ನು ಮಾತ್ರ ಹೊಂದಿಸಿ ಇನ್ನೊಂದನ್ನು ಮರೆಯುವುದು ಸಾಮಾನ್ಯ ತಪ್ಪು. ಗಿಂಬಲ್‌ನ ಬಗೆಯನ್ನು ಸೂಚಿಸಿದ ಮೇಲೆ ಹಾರಾಟ ನಿಯಂತ್ರಕವನ್ನು ಆರಿಸಿ ಪುನಃ ಚಾಲೂ ಮಾಡದಿದ್ದರೆ ಬದಲಾವಣೆ ಜಾರಿಗೆ ಬರುವುದಿಲ್ಲ.

ಪಿಕ್ಸ್‌ಹಾಕ್ ಮಾದರಿಯ ಹಾರಾಟ ನಿಯಂತ್ರಕಗಳಲ್ಲಿ ಇನ್ನೆರಡು ಸಂಗತಿಗಳು ಗಮನಾರ್ಹ. ಸುರಕ್ಷತಾ ಗುಂಡಿ ಇರುವ ಫಲಕಗಳಲ್ಲಿ, ಮೂಲ ಹೊಂದಿಕೆಯಂತೆ, ಅದನ್ನು ಒತ್ತುವವರೆಗೆ ಹೊರದಾರಿಗಳು ಕೆಲಸ ಮಾಡುವುದಿಲ್ಲ. ಇದಲ್ಲದೆ ಹೊರದಾರಿಗಳ ಸಾಲಿಗೆ ಫಲಕವು ವಿದ್ಯುತ್ ಒದಗಿಸುವುದಿಲ್ಲ. ಸರ್ವೋ ಗಿಂಬಲ್ ಬಳಸುವವರು ಅದಕ್ಕೆ ಪ್ರತ್ಯೇಕವಾಗಿ ವಿದ್ಯುತ್ ಕೊಡಬೇಕು.

ಬ್ರಷ್‌ಲೆಸ್ ಗಿಂಬಲ್‌ಗೆ ತನ್ನದೇ ಬ್ಯಾಟರಿ ಇದ್ದಲ್ಲಿ ಎರಡೂ ಫಲಕಗಳ ಋಣ ತಂತಿಗಳು ಒಂದಕ್ಕೊಂದು ಸೇರಿರಬೇಕು. ಪಲ್ಸ್‌ನ ವೋಲ್ಟೇಜನ್ನು ಅಳೆಯಲು ಎರಡೂ ಫಲಕಗಳಿಗೆ ಸಮಾನವಾದ ಆಧಾರವೊಂದು ಅಗತ್ಯ. ಸಂಕೇತದ ತಂತಿಯನ್ನು ಮಾತ್ರ ಎಳೆದು ಋಣ ತಂತಿಯನ್ನು ಬಿಟ್ಟರೆ ಆದೇಶವು ಒಮ್ಮೆ ತಲುಪಿ ಒಮ್ಮೆ ತಲುಪದೆ ಹೋಗುತ್ತದೆ.

ಕ್ಯಾಮೆರಾ ಪೂರ್ಣವಾಗಿ ಕೆಳಗೆ ಅಥವಾ ಮೇಲೆ ಹೊರಳುವುದಿಲ್ಲ

ಕೋನದ ಮಿತಿಗಳನ್ನು ಹಾರಾಟ ನಿಯಂತ್ರಕದಲ್ಲಿಯೂ ಗಿಂಬಲ್ ನಿಯಂತ್ರಕದಲ್ಲಿಯೂ ಬೇರೆಬೇರೆಯಾಗಿ ನಮೂದಿಸಿರುತ್ತಾರೆ. ಎರಡರಲ್ಲಿ ಕಿರಿದಾದ ಮಿತಿಯೇ ಚಲನೆಯನ್ನು ನಿರ್ಧರಿಸುತ್ತದೆ. ಪಲ್ಸ್‌ನ ಅಗಲ 1100ರಿಂದ 1900ರವರೆಗೆ ಮಾತ್ರ ಬದಲಾಗುತ್ತಿದ್ದು, ಗಿಂಬಲ್ 1000ರಿಂದ 2000ವನ್ನು ನಿರೀಕ್ಷಿಸುತ್ತಿದ್ದರೆ ಚಲನೆಯು ಒಟ್ಟು ವ್ಯಾಪ್ತಿಯ ಐದನೆಯ ನಾಲ್ಕು ಭಾಗಕ್ಕೆ ನಿಲ್ಲುತ್ತದೆ. ಚಿತ್ರಸಂಕೇತವನ್ನು ಒಯ್ಯುವ ಕೇಬಲ್ ಬಿರುಸಾಗಿದ್ದರೂ ಕ್ಯಾಮೆರಾ ಒಂದು ದಿಕ್ಕಿನಲ್ಲಿ ಸಲೀಸಾಗಿ ಹೊರಳಿ ಇನ್ನೊಂದು ದಿಕ್ಕಿನಲ್ಲಿ ತಡೆಯುತ್ತದೆ. ಇದಕ್ಕೆ ಮೆತ್ತನೆಯ ತೆಳು ಕೇಬಲ್ ಪರಿಹಾರ.

ಗುಂಡಿಯನ್ನು ಬಿಟ್ಟ ಮೇಲೂ ಕ್ಯಾಮೆರಾ ಚಲಿಸುತ್ತದೆ

ಆದೇಶವನ್ನು ಎರಡು ಬಗೆಯಲ್ಲಿ ಅರ್ಥೈಸಬಹುದು. ಕೋನ ವಿಧಾನದಲ್ಲಿ ಗುಂಡಿಯ ಸ್ಥಾನವು ಕ್ಯಾಮೆರಾದ ಕೋನವನ್ನು ಸೂಚಿಸಿದರೆ, ವೇಗ ವಿಧಾನದಲ್ಲಿ ಅದು ಚಲನೆಯ ವೇಗವನ್ನು ಸೂಚಿಸುತ್ತದೆ. ಇಟ್ಟಲ್ಲಿಯೇ ನಿಲ್ಲುವ ಗುಂಡಿಗೆ ಕೋನ ವಿಧಾನವೂ, ಬಿಟ್ಟೊಡನೆ ನಡುಸ್ಥಾನಕ್ಕೆ ಮರಳುವ ಸನ್ನೆಗೆ ವೇಗ ವಿಧಾನವೂ ಹೊಂದುತ್ತದೆ. ಇವು ಅದಲುಬದಲಾದರೆ ಕ್ಯಾಮೆರಾ ತನ್ನಿಚ್ಛೆಯಂತೆ ವರ್ತಿಸುತ್ತಿರುವಂತೆ ತೋರುತ್ತದೆ. ವಿಧಾನ ಸರಿಯಿದ್ದೂ ಕ್ಯಾಮೆರಾ ನಿಧಾನವಾಗಿ ಜಾರುತ್ತಿದ್ದರೆ ಸನ್ನೆಯ ನಡುಸ್ಥಾನವು ನಿಖರವಾಗಿ 1500ರಲ್ಲಿ ಇಲ್ಲದಿರುವುದು ಅಥವಾ ಗೈರೊಸ್ಕೋಪ್‌ನ ಸರಿಹೊಂದಿಕೆ ಕೆಟ್ಟಿರುವುದು ಕಾರಣವಾಗಿರಬಹುದು. ಹಲವು ಗಿಂಬಲ್‌ಗಳು ಚಾಲೂ ಆದ ಮೊದಲ ಕೆಲವು ಕ್ಷಣಗಳಲ್ಲಿ ಗೈರೊಸ್ಕೋಪ್‌ನ ಶೂನ್ಯವನ್ನು ಗುರುತಿಸಿಕೊಳ್ಳುತ್ತವೆ. ಆಗ ಡ್ರೋನನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ತಪ್ಪು ಶೂನ್ಯವೇ ದಾಖಲಾಗುತ್ತದೆ.

ಕ್ಯಾಮೆರಾ ನಡುಗುತ್ತದೆ ಅಥವಾ ಜಿಗಿಯುತ್ತದೆ

ಮೋಟಾರಿಗೆ ಕೊಡುವ ಶಕ್ತಿ ಸಾಲದಿದ್ದಾಗ ಅದು ಹಿಡಿತ ತಪ್ಪಿ ಜಿಗಿಯುತ್ತದೆ. ಹವ್ಯಾಸಿ ಗಿಂಬಲ್‌ಗಳಲ್ಲಿ ಬಳಕೆಯಲ್ಲಿರುವ 14 ಧ್ರುವಗಳ ಮೋಟಾರಿನಲ್ಲಿ ವಿದ್ಯುತ್ತಿನ ಒಂದು ಆವರ್ತವು ಸುಮಾರು 51 ಡಿಗ್ರಿ ತಿರುಗುವಿಕೆಗೆ ಸಮನಾದುದರಿಂದ ಈ ಜಿಗಿತ ಸ್ಪಷ್ಟವಾಗಿ ಕಾಣುತ್ತದೆ. ಮೂರು ಕೋಶಗಳ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರ್ಣ ತುಂಬಿದಾಗ 12.6 ವೋಲ್ಟ್ ಇದ್ದು, ಹಾರಾಟದಲ್ಲಿ ಇಳಿಯುತ್ತಾ ಹೋಗುತ್ತದೆ. ಮೊದಲ ಕೆಲವು ನಿಮಿಷ ಸರಿಯಿದ್ದ ಗಿಂಬಲ್ ಕೊನೆಯಲ್ಲಿ ತಡವರಿಸುವುದಕ್ಕೆ ಇದೂ ಒಂದು ಕಾರಣ. ಶಕ್ತಿಯನ್ನು ಹೆಚ್ಚಿಸುವ ಮುನ್ನ ತೂಕದ ಹೊಂದಿಕೆಯನ್ನು ಸರಿಪಡಿಸುವುದು ಉಚಿತ. ಇಲ್ಲವಾದರೆ ಮೋಟಾರು ಬಿಸಿಯಾಗುತ್ತದೆ.

ಸಣ್ಣ ನಡುಕವು ಸಾಮಾನ್ಯವಾಗಿ ನಿಯಂತ್ರಕದ ಪಿಐಡಿ ಮೌಲ್ಯಗಳು ಅತಿಯಾದುದರ ಸೂಚನೆ. ಕ್ಯಾಮೆರಾ ಇಲ್ಲದೆ ಗಿಂಬಲ್ಲನ್ನು ಚಾಲೂ ಮಾಡಿದಾಗಲೂ ನಡುಕ ಕಾಣುತ್ತದೆ, ಅದು ದೋಷವಲ್ಲ. ಆಗಾಗ ಮಾತ್ರ ಬರುವ ಸೆಳೆತಕ್ಕೆ ಸಂವೇದಕದ ತಂತಿಯು ಮೋಟಾರಿನ ತಂತಿಗಳ ಪಕ್ಕದಲ್ಲಿಯೇ ಸಾಗಿರುವುದು ಕಾರಣವಾಗಬಹುದು. ಮೋಟಾರಿನ ಮೂರು ತಂತಿಗಳನ್ನು ಹೆಣೆದು ದೂರವಿಡುವುದರಿಂದ ಅಡಚಣೆ ತಗ್ಗುತ್ತದೆ.

ಕ್ಯಾಮೆರಾ ಪೂರ್ಣ ಸಡಿಲವಾಗಿದೆ

ಮೋಟಾರಿನ ಮೂರು ತಂತಿಗಳ ನಡುವಿನ ರೋಧವನ್ನು ವಿದ್ಯುತ್ ಆರಿಸಿದ ಮೇಲೆ ಮಲ್ಟಿಮೀಟರ್‌ನಿಂದ ಅಳೆಯಲಾಗುತ್ತದೆ. ಮೂರು ಜೋಡಿಗಳಲ್ಲಿಯೂ ಮೌಲ್ಯ ಸಮನಾಗಿರಬೇಕು. ಒಂದು ಜೋಡಿಯಲ್ಲಿ ವ್ಯತ್ಯಾಸ ಕಂಡರೆ ಮಾತ್ರ ಸುರುಳಿ ಅಥವಾ ಬೆಸುಗೆ ಕೆಟ್ಟಿದೆ ಎನ್ನಬಹುದು. ಮೂರೂ ಸಮನಾಗಿದ್ದರೆ ಮೋಟಾರನ್ನು ಬದಲಿಸುವುದಕ್ಕೆ ಆಧಾರವಿಲ್ಲ. ಸಂವೇದಕದ ತಂತಿ ಮತ್ತು ಫಲಕದ ವಿದ್ಯುತ್ ಪೂರೈಕೆಯನ್ನು ನೋಡಬೇಕು.

ಸಿದ್ಧ ಡ್ರೋನ್‌ಗಳಲ್ಲಿ

ಕಾರ್ಖಾನೆಯಿಂದ ಸಿದ್ಧವಾಗಿ ಬರುವ ಡ್ರೋನ್‌ಗಳಲ್ಲಿ ಚಾನೆಲ್ ಮತ್ತು ತಂತಿಗಳ ಗೊಂದಲವಿಲ್ಲ. ಸಾಗಣೆಗಾಗಿ ಹಾಕಿದ ಗಿಂಬಲ್ ರಕ್ಷಾಕವಚವನ್ನು ತೆಗೆಯದೆ ಚಾಲೂ ಮಾಡುವುದು, ಎತ್ತರದ ಹುಲ್ಲಿನ ಮೇಲಿಟ್ಟು ಹೊರಡಿಸುವುದು, ಬಿದ್ದಾಗ ರಿಬ್ಬನ್ ಕೇಬಲ್ ಹರಿಯುವುದು ಇಲ್ಲಿನ ಸಾಮಾನ್ಯ ಕಾರಣಗಳು. ಮೊದಲ ಎರಡು ಸಂದರ್ಭಗಳಲ್ಲಿ ಅಡ್ಡಿಯನ್ನು ನಿವಾರಿಸಿ, ಸಮತಟ್ಟಾದ ಜಾಗದಲ್ಲಿಟ್ಟು, ಆಪ್‌ನಲ್ಲಿರುವ ಸ್ವಯಂ ಸರಿಹೊಂದಿಕೆಯನ್ನು ನಡೆಸಿದರೆ ಸಾಕಾಗುತ್ತದೆ. ಕೆಲವು ಮಾದರಿಗಳಲ್ಲಿ ಕ್ಯಾಮೆರಾ ದಿಗಂತಕ್ಕಿಂತ ಮೇಲೆ ನೋಡದಂತೆ ಮೂಲದಲ್ಲಿಯೇ ಮಿತಿ ಹಾಕಿರುತ್ತಾರೆ. ಮ್ಯಾವಿಕ್ ಮಿನಿಯಲ್ಲಿ ಈ ವ್ಯಾಪ್ತಿ −90ರಿಂದ 0 ಡಿಗ್ರಿ. ಹೊಂದಿಕೆಯನ್ನು ಬದಲಿಸಿ ಅದನ್ನು +20 ಡಿಗ್ರಿಯವರೆಗೆ ವಿಸ್ತರಿಸಬಹುದು. ಇದನ್ನು ದೋಷವೆಂದು ತಿಳಿಯಬಾರದು.

ಮುನ್ನೆಚ್ಚರಿಕೆ

ಕ್ಯಾಮೆರಾಕ್ಕೆ ಹೊಸ ಫಿಲ್ಟರ್ ಅಥವಾ ಮಸೂರ ಹಾಕಿದಾಗಲೆಲ್ಲ ತೂಕದ ಹೊಂದಿಕೆಯನ್ನು ಪುನಃ ನೋಡಬೇಕಾಗುತ್ತದೆ. ಸರಿಯಾಗಿ ನಡೆಯುತ್ತಿರುವಾಗಲೇ ಎಲ್ಲ ಹೊಂದಿಕೆಗಳ ಪ್ರತಿಯೊಂದನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಂಡರೆ ಮುಂದೆ ಹೋಲಿಸಿ ನೋಡಲು ಅನುಕೂಲ. ದುರಸ್ತಿಯ ವೇಳೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸುವುದು ಮುಖ್ಯ. ಹಲವನ್ನು ಒಟ್ಟಿಗೆ ಬದಲಿಸಿದರೆ ದೋಷ ನಿವಾರಣೆಯಾದರೂ ಅದರ ಕಾರಣ ತಿಳಿಯುವುದಿಲ್ಲ. ಅದೇ ದೋಷ ಮರುಕಳಿಸಿದಾಗ ಹುಡುಕಾಟವನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.