ಹಿಮದ ಪದರಗಳನ್ನು ಓದುವ ವಿದ್ಯೆ

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಸೀಮೆಯ ಬೆಟ್ಟಗಳಲ್ಲಿ ಮಂಜು ಉಂಟು, ಹಿಮವಿಲ್ಲ. ಆದರೂ ಇಳಿಜಾರು ಕುಸಿಯುವುದೆಂದರೇನೆಂಬುದನ್ನು ಇಲ್ಲಿಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. 2018ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಇದೇ ತಾಲ್ಲೂಕಿನ ಘಟ್ಟ ಜರಿದು, ಶಿರಾಡಿಯ ರಸ್ತೆಯೂ ಸುಬ್ರಹ್ಮಣ್ಯದ ಕಡೆಯ ರೈಲುದಾರಿಯೂ ಮುಚ್ಚಿಹೋದುವು. ನೀರುಂಡ ಮಣ್ಣು ತಳದ ಹಿಡಿತವನ್ನು ಕಳೆದುಕೊಂಡೊಡನೆ ಗುಡ್ಡ ಜಾರುವುದು. ಹಿಮಕುಸಿತದ ನಿಯಮವೂ ಇದಕ್ಕೆ ಬಹುದೂರವಾದುದಲ್ಲ.

ಹಿಮವು ಬೆಟ್ಟದ ಮೇಲೆ ಒಂದೇ ರಾಶಿಯಾಗಿ ನಿಲ್ಲದೆ ಪದರಪದರವಾಗಿ ನೆಲೆಗೊಳ್ಳುವುದು. ಕೆಳಗೆ ಸಕ್ಕರೆಯ ಹರಳಿನಂತಹ ಸಡಿಲವಾದ ಪದರವು ಅಡಗಿದ್ದು, ಗಾಳಿಯು ಅದರ ಮೇಲೆ ಗಟ್ಟಿಹಿಮವನ್ನು ಪೇರಿಸಿದರೆ, ಒಬ್ಬ ಮನುಷ್ಯನ ಭಾರಕ್ಕೂ ಅದು ಬಿರಿದು ಜಾರಬಹುದು. 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿಯೇ ಈ ಅಪಾಯ ಹೆಚ್ಚು. ಆದುದರಿಂದ ಬಲ್ಲವರು ಮೇಲಿನ ಬಿಳುಪನ್ನು ನಂಬದೆ, ಗುಂಡಿ ತೋಡಿ ಪದರಗಳ ಗಡಸುತನವನ್ನೂ ಶೀತೋಷ್ಣವನ್ನೂ ಪರೀಕ್ಷಿಸುವರು. ಹೊಸ ಹಿಮದ ಪ್ರಮಾಣವನ್ನೂ ಗಾಳಿಯ ದಿಕ್ಕನ್ನೂ ಲೆಕ್ಕಕ್ಕೆ ತರುವರು.

ಈ ವಿದ್ಯೆಯು ಶಾಸ್ತ್ರರೂಪವನ್ನು ತಾಳಿದುದು ಸ್ವಿಟ್ಸರ್ಲೆಂಡಿನಲ್ಲಿ. 1936ರಲ್ಲಿ ದಾವೋಸ್ ಪಟ್ಟಣದ ಮೇಲಿನ ಪರ್ವತದಲ್ಲಿ ಒಂದು ಮರದ ಗುಡಿಸಲಿನಲ್ಲಿ ಹಿಮದ ಪರೀಕ್ಷೆ ಮೊದಲಾಯಿತು. 1942ರಲ್ಲಿ ಅದು ಸಂಸ್ಥೆಯಾಯಿತು. ಭಾರತದಲ್ಲಿ 1969ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನಸಂಸ್ಥೆ ಹುಟ್ಟಿತು. 2020ರಲ್ಲಿ ಅದನ್ನು ರಕ್ಷಣಾ ಇಲಾಖೆಯ ಬೇರೊಂದು ಪ್ರಯೋಗಾಲಯದೊಡನೆ ಒಂದುಗೂಡಿಸಲಾಯಿತು.

1984ರಿಂದ ಭಾರತೀಯ ಸೈನ್ಯವು ಸಿಯಾಚಿನ್ ಹಿಮನದಿಯ ಎತ್ತರಗಳನ್ನು ಕಾಯುತ್ತ ಬಂದಿದೆ. 2016ರ ಫೆಬ್ರವರಿ 3ರಂದು, ಸುಮಾರು 19,600 ಅಡಿಯೆತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆಯೊಂದು ಕುಸಿದು, ಮದ್ರಾಸ್ ರೆಜಿಮೆಂಟಿನ 10 ಮಂದಿ ಹೂತುಹೋದರು. ಅವರಲ್ಲಿ ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ಟಿ. ಟಿ. ನಾಗೇಶರೂ, ಎಚ್. ಡಿ. ಕೋಟೆಯ ಸಿಪಾಯಿ ಪಿ. ಎನ್. ಮಹೇಶರೂ, ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರೂ ಇದ್ದರು.

ಹಿಮದಡಿ ಸಿಕ್ಕವರನ್ನು ಕಾಲು ಗಂಟೆಯೊಳಗೆ ಹೊರತೆಗೆದರೆ ಬಹುಮಂದಿ ಬದುಕುವರು; ಅರ್ಧ ಗಂಟೆ ಮೀರಿದರೆ ಆಸೆ ಬೇಗನೆ ಕ್ಷೀಣಿಸುವುದು. ಹನುಮಂತಪ್ಪನವರಾದರೋ ಸುಮಾರು 25 ಅಡಿಯಷ್ಟು ಹಿಮದ ಕೆಳಗಿನಿಂದ ಫೆಬ್ರವರಿ 8ರಂದು ಜೀವಂತರಾಗಿ ದೊರೆತರು. ದೇಶವೆಲ್ಲ ಅವರಿಗಾಗಿ ಪ್ರಾರ್ಥಿಸಿತು. ಆದರೆ 11ರಂದು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಉಳಿದ ಒಂಬತ್ತು ಮಂದಿಯೂ ಬದುಕಿ ಬರಲಿಲ್ಲ.

ಹಿಮದ ಮುನ್ಸೂಚನೆಯು ಅಪಾಯದ ಮಟ್ಟವನ್ನು ತಿಳಿಸಬಲ್ಲುದೇ ಹೊರತು, ಕುಸಿಯುವ ಗಳಿಗೆಯನ್ನು ತಿಳಿಸಲಾರದು. ಯಾತ್ರಿಕನು ಸಂಶಯ ಬಂದೊಡನೆ ಹಿಂದಿರುಗಬಹುದು. ಕಾವಲಿನವನಿಗೆ ಆ ಸ್ವಾತಂತ್ರ್ಯವಿಲ್ಲ. ಆದುದರಿಂದಲೇ ಅವನ ತಲೆಯ ಮೇಲಣ ಇಳಿಜಾರನ್ನು ಅವನಿಗಾಗಿ ಓದುವ ಹೊಣೆ ದೇಶದ್ದಾಗಿದೆ. ತೇಜೂರಿನಂತಹ ಊರುಗಳು ತಮ್ಮ ಮಕ್ಕಳನ್ನು ಆ ಎತ್ತರಕ್ಕೆ ಕಳುಹುವುದು ಈ ಹೊಣೆಯನ್ನು ನಂಬಿಯೇ.